ಗಲ್ಲಿ ಒಂದೇ, ಶಾಲೆ ಬೇರೆ ಬೇರೆ

ಪ್ರಶ್ನೆ: ಚೆಂಬೂರಿನ ತಿಲಕ್ ನಗರದಲ್ಲಿ ನಮ್ಮ ಕುಟುಂಬ ಮೂವತ್ತು ವರ್ಷಗಳಿಂದ ವಾಸವಾಗಿದೆ. ಮೂರು ಮಹಡಿಯ ನಮ್ಮ ಹಳೆಯ ಮ್ಹಾಡಾ (ರಾಜ್ಯದ ಗೃಹಮಂಡಳಿ) ಕಟ್ಟಡ ಈಗ ಪುನರಾಭಿವೃದ್ಧಿಗೆ ಹೋಗುತ್ತಿದ್ದು, ಅದೇ ಜಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಹಡಿಯ ಟವರ್ ಏಳಲಿದೆ. ಹತ್ತಿರದಲ್ಲೇ ಎಸ್‌ಆರ್‌ಎ, ಅಂದರೆ ಜೋಪಡಿ ಪುನರ್ವಸತಿ ಪ್ರಾಧಿಕಾರದ, ಕಟ್ಟಡವೂ ಬಂದಿದೆ. ನಮ್ಮ ಮನೆಗೆಲಸಕ್ಕೆ ಬರುವ, ಕಲಬುರಗಿ ಕಡೆಯ ಹೆಂಗಸು ಅಲ್ಲಿಯೇ ಒಂದು ಖೋಲಿಯನ್ನು (ಒಂದು ಕೋಣೆಯ ಮನೆ) ಬಾಡಿಗೆಗೆ ಹಿಡಿದಿದ್ದಾಳೆ. ಅವಳ ಮಗನೂ ನನ್ನ ಮಗಳೂ ಒಂದೇ ವಯಸ್ಸಿನವರು. ಇಬ್ಬರಿಗೂ ಮುಂದಿನ ವರ್ಷ ಒಂದನೇ ತರಗತಿಗೆ ಪ್ರವೇಶ ಆಗಬೇಕು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ, ದಟ್ಟವಾಗಿ ಮನೆ ಕಟ್ಟಲು ಬಿಟ್ಟರೆ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಒಂದೇ ಶಾಲೆಯಲ್ಲಿ ಓದುವಂತಾಗುತ್ತದೆ ಎಂಬ ವಾದ ಅಲ್ಲಿ ಜೋರಾಗಿ ನಡೆದಿದೆ ಎನ್ನುತ್ತಾನೆ. ನಮ್ಮಲ್ಲೂ ಹಾಗೆ ಆದೀತೇ? ಈ ಇಬ್ಬರು ಮಕ್ಕಳು ಒಂದೇ ಶಾಲೆಗೆ ಹೋಗುವುದು ಸಾಧ್ಯವೇ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಅವರಿರುವ ನಾಡಿನ ಮಟ್ಟಿಗೆ ಬಹುಪಾಲು ಸರಿ, ಆದರೆ ತಿಲಕ್ ನಗರಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಅಲ್ಲಿ ಬಡ ಮಗುವನ್ನು ಒಳ್ಳೆಯ ಶಾಲೆಯಿಂದ ಹೊರಗಿಡುವುದು ಮನೆಯ ಬೆಲೆ. ಇಲ್ಲಿ ಆ ಕೆಲಸವನ್ನು ಶುಲ್ಕ, ಮಾಧ್ಯಮ ಮತ್ತು ಪರೀಕ್ಷಾ ಬೋರ್ಡು ಈ ಮೂರೂ ಸೇರಿ ಮಾಡುತ್ತವೆ. ಮುಂಬಯಿಯಲ್ಲಿ ಬಡವರು ಮತ್ತು ಉಳ್ಳವರು ಮೊದಲಿನಿಂದಲೂ ಗೋಡೆಗೆ ಗೋಡೆ ತಾಗಿಸಿಕೊಂಡೇ ಬದುಕಿದವರು, ಆದರೆ ಅವರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತದ್ದು ಅಪರೂಪ. ಆದ್ದರಿಂದ ಕಟ್ಟಡ ಎತ್ತರವಾದ ಮಾತ್ರಕ್ಕೆ ಶಾಲೆಯೊಳಗಿನ ಅಂತರ ಕಡಿಮೆಯಾಗುತ್ತದೆ ಎಂದು ನಾನು ನಿಮಗೆ ಭರವಸೆ ಕೊಡಲಾರೆ. ಹೆಚ್ಚಾಗುವ ಸಂದರ್ಭಗಳೂ ಇವೆ. ಅವುಗಳನ್ನು ವಿವರಿಸಿ, ನಿಮ್ಮ ಎರಡನೆಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಅಮೆರಿಕದ ವಾದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋಣ. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಬಹುಪಾಲು ಪ್ರವೇಶ ವಿಳಾಸವನ್ನು ನೋಡಿ ಕೊಡುವಂಥದ್ದು. ಯಾವ ರಸ್ತೆಯಲ್ಲಿ ಮನೆಯೋ ಆ ರಸ್ತೆಗೆ ಗೊತ್ತುಪಡಿಸಿದ ಶಾಲೆಯೇ ಮಗುವಿನ ಶಾಲೆ. ಅನೇಕ ಬಡಾವಣೆಗಳಲ್ಲಿ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿಯಮವಿದ್ದುದರಿಂದ, ಸಣ್ಣ ಮನೆ, ಬಾಡಿಗೆ ಮನೆ, ಮಹಡಿ ಮೇಲೆ ಮಹಡಿಯ ಮನೆ ಯಾವುದೂ ಅಲ್ಲಿ ಹುಟ್ಟಲಿಲ್ಲ. ದೊಡ್ಡ ಮನೆ ಕೊಳ್ಳಲಾಗದವರಿಗೆ ಆ ಬಡಾವಣೆಯ ಶಾಲೆಯೂ ಸಿಗಲಿಲ್ಲ. ಬ್ರೂಕಿಂಗ್ಸ್ ಎಂಬ ಸಂಶೋಧನಾ ಸಂಸ್ಥೆ 2012ರಲ್ಲಿ ಪ್ರಕಟಿಸಿದ ವರದಿಯೊಂದು ಅಲ್ಲಿನ 100 ದೊಡ್ಡ ಮಹಾನಗರ ಪ್ರದೇಶಗಳನ್ನು ನೋಡಿ, ಹೆಚ್ಚು ಅಂಕ ಗಳಿಸುವ ಶಾಲೆಗಳ ಸುತ್ತ ವಸತಿಯ ಖರ್ಚು ಕಡಿಮೆ ಅಂಕದ ಶಾಲೆಗಳ ಸುತ್ತಲಿನದಕ್ಕಿಂತ ಸರಾಸರಿ 2.4 ಪಟ್ಟು ಇದೆ ಎಂದು ಲೆಕ್ಕ ಹಾಕಿತು. ಕಟ್ಟುವ ನಿಯಮ ಬಿಗಿಯಾಗಿದ್ದಲ್ಲಿ ಈ ಅಂತರವೂ ಹೆಚ್ಚು ಎಂಬುದು ಅದರ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾ 2021ರಲ್ಲಿ ಒಂದು ಮನೆಯ ನಿವೇಶನದಲ್ಲಿ ನಾಲ್ಕು ಮನೆಗಳ ತನಕ ಕಟ್ಟಿಕೊಳ್ಳಲು ಅವಕಾಶ ಕೊಡುವ ಕಾನೂನು ತಂದಾಗ ಅದರ ಹಿಂದೆ ಇದ್ದ ಆಸೆಗಳಲ್ಲಿ ಇದೂ ಒಂದು. ಶಾಲೆಗೆ ದಾರಿ ವಿಳಾಸವಾಗಿರುವ ಕಡೆ, ವಿಳಾಸ ಅಗ್ಗವಾದರೆ ಶಾಲೆಯೂ ಕೈಗೆಟುಕುತ್ತದೆ ಎಂಬುದು ನೇರವಾದ ತರ್ಕ.

ಮುಂಬಯಿಯಲ್ಲಿ ವಿಳಾಸಕ್ಕೆ ಈ ಶಕ್ತಿ ಇಲ್ಲ. ನೀವು ಇರುವ ಜಾಗದಿಂದ ಒಂದು ಕಿಲೋಮೀಟರಿನೊಳಗೆ ನಡೆದು ನೋಡಿ: ಪಾಲಿಕೆಯ ಮರಾಠಿ ಶಾಲೆ, ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ ಹಿಂದಿ ಅಥವಾ ಉರ್ದು ಶಾಲೆ, ಅನುದಾನಿತ ಟ್ರಸ್ಟ್ ಶಾಲೆ, ಎಸ್‌ಎಸ್‌ಸಿ (ರಾಜ್ಯದ) ಬೋರ್ಡಿನ ಇಂಗ್ಲಿಷ್ ಶಾಲೆ, ಅದಕ್ಕಿಂತ ದುಬಾರಿಯಾದ ಐಸಿಎಸ್‌ಇ ಶಾಲೆ, ಅದಕ್ಕೂ ಮೇಲೆ ‘ಇಂಟರ್‌ನ್ಯಾಷನಲ್’ ಎಂಬ ಫಲಕ ಹೊತ್ತ ಶಾಲೆ. ಜನ ದಟ್ಟವಾಗಿದ್ದಷ್ಟೂ ಪ್ರತಿಯೊಂದು ಆದಾಯಮಟ್ಟಕ್ಕೂ ಒಂದೊಂದು ಶಾಲೆ ನಡೆಸುವಷ್ಟು ಮಕ್ಕಳು ನಡಿಗೆಯ ದೂರದಲ್ಲೇ ಸಿಗುತ್ತಾರೆ. ನಮ್ಮ ಊರ ಕಡೆ ಒಂದು ಕಾಲದಲ್ಲಿ ಇಡೀ ಗ್ರಾಮಕ್ಕೆ ಒಂದೇ ಶಾಲೆ ಇದ್ದುದರಿಂದ ಪಟೇಲರ ಮಗನೂ ಒಕ್ಕಲಿನ ಮಗನೂ ಒಂದೇ ಚಾವಡಿಯಲ್ಲಿ ಅಕ್ಷರ ತಿದ್ದಬೇಕಾಗಿತ್ತು. ಅಲ್ಲಿಯೂ ಯಾರನ್ನು ಎಲ್ಲಿ ಕೂರಿಸುತ್ತಿದ್ದರು ಎಂಬುದು ಬೇರೆಯೇ ಕತೆ, ಅದನ್ನು ಮರೆತು ಹಳೆಯದನ್ನು ಹೊಗಳುವವನು ನಾನಲ್ಲ. ಆದರೂ ವಿಂಗಡಿಸುವುದಕ್ಕೆ ಬೇಕಾದಷ್ಟು ಶಾಲೆಗಳೇ ಅಲ್ಲಿರಲಿಲ್ಲ. ಸಾಂದ್ರತೆ ಆಯ್ಕೆಯನ್ನು ಹೆಚ್ಚಿಸುತ್ತದೆ. ಆಯ್ಕೆಯ ಜೊತೆಗೇ ವಿಂಗಡಣೆಯೂ ಸುಲಭವಾಗುತ್ತದೆ. ಈ ಎರಡನೆಯ ಪರಿಣಾಮವನ್ನು ನಗರ ಯೋಜನೆಯ ಚರ್ಚೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ.

ಕುರ್ಲಾ ಕಡೆಯ ಒಂದು ಎಸ್‌ಆರ್‌ಎ ಯೋಜನೆಯ ಗೇಟಿನ ಬಳಿ ಕೆಲಸದ ನಿಮಿತ್ತ ಒಂದು ಬೆಳಿಗ್ಗೆ ಏಳು ಗಂಟೆಗೆ ನಿಂತಿದ್ದೆ. ಪ್ಲಾಟು ಒಂದೇ, ನಕ್ಷೆ ಒಂದೇ. ಮುಖ್ಯ ರಸ್ತೆಯ ಕಡೆಗೆ ಬಿಲ್ಡರ್ ಹೊರಗಿನವರಿಗೆ ಮಾರುವ ಟವರ್, ಅದಕ್ಕೆ ಅಮೃತಶಿಲೆಯ ಲಾಬಿ ಮತ್ತು ಬೂಮ್ ಗೇಟು. ಹಿಂದಿನ ನಾಲೆಯ ಕಡೆಗೆ ಜೋಪಡಿವಾಸಿಗಳಿಗೆ ಉಚಿತ ಮನೆ ಕೊಡುವ ‘ರಿಹ್ಯಾಬ್’ ಕಟ್ಟಡ, ಅದಕ್ಕೆ ಕೈಗಾಡಿ ಹೋಗುವಷ್ಟು ಅಗಲದ ಬೇರೆ ದಾರಿ. ನಡುವೆ ಪೋಡಿಯಂನ, ಅಂದರೆ ಟವರಿನ ತಳದ ಕಟ್ಟೆಯ, ಗೋಡೆ. ಟವರಿನ ಮುಂದೆ ಹತ್ತು ನಿಮಿಷದಲ್ಲಿ ನಾಲ್ಕು ಬೇರೆ ಬೇರೆ ಶಾಲೆಗಳ ಎ.ಸಿ. ಬಸ್ಸುಗಳು ನಿಂತು ಹೋದವು. ಹಿಂದಿನ ದಾರಿಯಿಂದ ಪಾಲಿಕೆ ಶಾಲೆಯ ಸಮವಸ್ತ್ರದ ಮಕ್ಕಳು, ದೊಡ್ಡವರು ಚಿಕ್ಕವರ ಕೈ ಹಿಡಿದು, ನಡೆದುಕೊಂಡೇ ಹೊರಟರು. ಪಾಲಿಕೆ ತನ್ನ ವಿದ್ಯಾರ್ಥಿಗಳಿಗೆ ಚೀಲ, ಬೂಟು, ಕೊಡೆ, ಪುಸ್ತಕ ಎಂದು 27 ಬಗೆಯ ವಸ್ತುಗಳನ್ನು ಉಚಿತವಾಗಿ ಕೊಡುತ್ತದೆ. ಒಂದೇ ಬಣ್ಣದ ಆ ಚೀಲಗಳ ಸಾಲು ದೂರದಿಂದಲೇ ಗುರುತು ಸಿಗುತ್ತಿತ್ತು. ಎರಡೂ ಕಡೆಯ ಮಕ್ಕಳು ಮಲಗಿ ಏಳುವುದು ಐವತ್ತು ಮೀಟರ್ ಅಂತರದಲ್ಲಿ. ಆದರೆ ಅವರು ಒಬ್ಬರನ್ನೊಬ್ಬರು ಎದುರುಗೊಳ್ಳುವ ಜಾಗ ಒಂದೂ ಆ ನಕ್ಷೆಯಲ್ಲಿರಲಿಲ್ಲ.

ಇನ್ನು ‘ದಟ್ಟ’ ಎಂಬ ಶಬ್ದವನ್ನೇ ಸ್ವಲ್ಪ ಪರೀಕ್ಷಿಸಬೇಕು. ಕಟ್ಟಡ ದಟ್ಟವಾಗುವುದೂ ಜನ ದಟ್ಟವಾಗುವುದೂ ಒಂದೇ ಅಲ್ಲ. ಮುಂಬಯಿ ದ್ವೀಪನಗರದ, ಅಂದರೆ ಕೊಲಾಬಾದಿಂದ ಮಾಹಿಮ್-ಸಾಯನ್ ತನಕದ ಭಾಗದ, ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 33.4 ಲಕ್ಷ ಇದ್ದದ್ದು 2011ರಲ್ಲಿ ಸುಮಾರು 30.9 ಲಕ್ಷಕ್ಕೆ ಇಳಿಯಿತು. ಲೋವರ್ ಪರೇಲ್, ವರ್ಲಿ, ಪರೇಲ್ ಕಡೆ ಗಗನಚುಂಬಿಗಳು ಏಳುತ್ತಿದ್ದ ದಶಕವೂ ಅದೇ. 1982ರ ಜವಳಿ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದ ಗಿರಣಿಗಳ ಜಮೀನಿನಲ್ಲಿ ಮೂರನೇ ಒಂದು ಭಾಗ ಬಯಲಿಗೆ ಮತ್ತು ಸಾರ್ವಜನಿಕ ಬಳಕೆಗೆ, ಇನ್ನೊಂದು ಭಾಗ ಮ್ಹಾಡಾ ವಸತಿಗೆ ಎಂದು 1991ರ ಅಭಿವೃದ್ಧಿ ನಿಯಮಾವಳಿ ಹೇಳಿತ್ತು. 2001ರ ತಿದ್ದುಪಡಿ ಆ ಪಾಲನ್ನು ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿತು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಾಲೆಗೆ, ಮೈದಾನಕ್ಕೆ, ಕಾರ್ಮಿಕರ ಮನೆಗೆ ಬರಬಹುದಾಗಿದ್ದ ನೆಲ ಅಷ್ಟರ ಮಟ್ಟಿಗೆ ಕಡಿಮೆಯಾಯಿತು. ಒಂದು ಖೋಲಿಯಲ್ಲಿ ಎಂಟು ಮಂದಿ ಇದ್ದ ಚಾಳಿನ ಜಾಗದಲ್ಲಿ ಈಗ ಎರಡು ಸಾವಿರ ಚದರಡಿಗೆ ಮೂವರು ಇರುತ್ತಾರೆ. ಮಹಡಿಗಳು ಹೆಚ್ಚಿದವು, ಮಕ್ಕಳು ಕಡಿಮೆಯಾದರು, ಉಳಿದ ಮಕ್ಕಳಲ್ಲಿ ಹತ್ತಿರದ ಅನುದಾನಿತ ಶಾಲೆಗೆ ಹೋಗುವವರು ಇನ್ನೂ ಕಡಿಮೆಯಾದರು.

ಇದರ ಪೆಟ್ಟನ್ನು ಕನ್ನಡಿಗರಾದ ನಾವು ಬೇರೆಯವರಿಗಿಂತ ಮೊದಲೇ ತಿಂದವರು. ಕೋಟೆ (ಫೋರ್ಟ್) ಪರಿಸರದಲ್ಲಿ, ಮಾಟುಂಗದಲ್ಲಿ, ವಡಾಲದಲ್ಲಿ ಕನ್ನಡ ಶಾಲೆಗಳೂ ರಾತ್ರಿ ಶಾಲೆಗಳೂ ಬೆಳೆದದ್ದು ಹಳೆಯ ಮುಂಬಯಿಯ ಸಾಂದ್ರತೆಯ ಫಲ. ಹಗಲಿಡೀ ಉಡುಪಿ ಹೊಟೇಲಿನಲ್ಲಿ ಲೋಟ ತೊಳೆದ ಹುಡುಗ ಸಂಜೆ ಕೈ ಒರೆಸಿಕೊಂಡು ಹತ್ತು ನಿಮಿಷ ನಡೆದರೆ ತರಗತಿಗೆ ತಲಪುತ್ತಿದ್ದ. ರೈಲು ಹತ್ತಬೇಕಾಗಿದ್ದರೆ ಆ ಹುಡುಗರಲ್ಲಿ ಹೆಚ್ಚಿನವರು ಮೆಟ್ರಿಕ್ ಮುಗಿಸುತ್ತಿರಲಿಲ್ಲ. ಮುಂದೆ ಬ್ಯಾಂಕು, ವಕೀಲಿಕೆ, ಸ್ವಂತ ಹೊಟೇಲು ಎಂದು ಮೇಲೆ ಬಂದ ಒಂದು ಇಡೀ ತಲೆಮಾರು ಈ ರಾತ್ರಿ ಶಾಲೆಗಳಿಂದ ಬಂದದ್ದು. ಆ ತರಗತಿಗಳಲ್ಲಿ ಬಂಟರು, ಬಿಲ್ಲವರು, ಮೊಗವೀರರು, ಬ್ರಾಹ್ಮಣರು ಒಟ್ಟಿಗೆ ಕುಳಿತಿದ್ದರು ಎಂಬುದನ್ನೂ ಗಮನಿಸಬೇಕು: ಜಾತಿ ಬೇರೆ ಬೇರೆ, ಆದರೆ ಜೇಬು ಎಲ್ಲರದೂ ಒಂದೇ. ಕನ್ನಡಿಗರು ಡೊಂಬಿವಲಿ, ಮೀರಾರೋಡ್, ನಾಲಾಸೋಪಾರಾ, ನವಿ ಮುಂಬಯಿ ಎಂದು ಚದುರಿದ ಮೇಲೆ, ಉಳಿದವರೂ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ಮೇಲೆ, ಆ ಶಾಲೆಗಳು ಬಡವಾದವು. ತಪ್ಪೆಲ್ಲ ಬಿಲ್ಡರನದೇ ಎನ್ನಲಾಗದು.

ಎಸ್‌ಆರ್‌ಎ ಕಡೆ ಬಂದರೆ ಚಿತ್ರ ಇನ್ನೊಂದು ಬಗೆಯದು. ಅಲ್ಲಿ ಕಟ್ಟಡವೂ ದಟ್ಟ, ಜನವೂ ದಟ್ಟ. 1995ರ ಕೊನೆಯಲ್ಲಿ ಪ್ರಾಧಿಕಾರ ಸ್ಥಾಪನೆಯಾದಾಗ ಜೋಪಡಿವಾಸಿಗಳಿಗೆ ಉಚಿತವಾಗಿ ಸಿಗುತ್ತಿದ್ದದ್ದು 225 ಚದರಡಿಯ ಮನೆ. ಆಮೇಲೆ ಅದು 269 ಆಗಿ, ಈಗ 300 ಚದರಡಿಗೆ ಬಂದಿದೆ. ಪುನರ್ವಸತಿ ಭಾಗದಲ್ಲಿ ಒಂದು ಹೆಕ್ಟೇರಿಗೆ ಕನಿಷ್ಠ 500 ಮನೆಗಳಿರಬೇಕು ಎಂದು ಹಿಂದಿನ ನಿಯಮ ಹೇಳುತ್ತಿತ್ತು, 2034ರ ತನಕದ ಹೊಸ ಅಭಿವೃದ್ಧಿ ನಿಯಮಾವಳಿಯಲ್ಲಿ ಅದು 650. ಗರಿಷ್ಠ ಅಲ್ಲ, ಕನಿಷ್ಠ ಎಂಬುದನ್ನು ಗಮನಿಸಿ. ಒಂದು ಮನೆಗೆ ನಾಲ್ಕೂವರೆ ಮಂದಿ ಎಂದು ಹಿಡಿದರೂ ಎರಡೂವರೆ ಎಕರೆ ನೆಲದ ಮೇಲೆ ಸುಮಾರು 2,900 ಜನ. ಅವರಲ್ಲಿ ಆರರಿಂದ ಹದಿನಾಲ್ಕರ ವಯಸ್ಸಿನವರು ಆರರಲ್ಲಿ ಒಬ್ಬರೆಂದು ಅಂದಾಜಿಸಿದರೂ 480 ಮಕ್ಕಳು. ಒಂದು ಇಡೀ ಪ್ರಾಥಮಿಕ ಶಾಲೆಯಷ್ಟು ಮಕ್ಕಳು ಒಂದು ಹೆಕ್ಟೇರಿನಲ್ಲಿದ್ದಾರೆ. ಅವರಿಗಾಗಿ ಕಟ್ಟಡದೊಳಗೆ ನಿಯಮ ಒದಗಿಸುವುದು ಪ್ರತಿ ನೂರು ಮನೆಗೆ ಒಂದು ಬಾಲವಾಡಿ, ಒಂದು ಕಲ್ಯಾಣ ಕೇಂದ್ರ, ಒಂದು ಸೊಸೈಟಿ ಕಚೇರಿ. ನಾನು ನೋಡಿದ ಬಾಲವಾಡಿಗಳಲ್ಲಿ ಎಷ್ಟೋ ಕಡೆ ಬೀಗ. ಒಂದರಲ್ಲಿ ಗಣಪತಿ ಮಂಡಳದ ಪಂದಲಿನ ಸಾಮಾನು, ಇನ್ನೊಂದರಲ್ಲಿ ನೀರಿನ ಪಂಪಿನ ಬಿಡಿಭಾಗಗಳು. ಶಾಲೆಗಾಗಿ ಅಭಿವೃದ್ಧಿ ಯೋಜನೆಯಲ್ಲಿ ಮೀಸಲಿಟ್ಟ ಪ್ಲಾಟು ಪಕ್ಕದಲ್ಲಿದ್ದರೆ ಪುಣ್ಯ, ಇಲ್ಲದಿದ್ದರೆ ಇರುವ ಪಾಲಿಕೆ ಶಾಲೆಯ ಮೇಲೆಯೇ ಹೊರೆ. ಹೀಗೆ ಒಂದೇ ವರ್ಗದ ನೂರಾರು ಮಕ್ಕಳು ಒಂದೇ ಶಾಲೆಯಲ್ಲಿ ತುಂಬಿಕೊಂಡಾಗ ಆ ಶಾಲೆಗೆ ‘ಎಸ್‌ಆರ್‌ಎ ಮಕ್ಕಳ ಶಾಲೆ’ ಎಂಬ ಹೆಸರು ಬೀಳುತ್ತದೆ. ಹೆಸರು ಬಿದ್ದ ಮೇಲೆ ಸಾಲ ಮಾಡಿ ಶುಲ್ಕ ಕಟ್ಟಬಲ್ಲ ಆಟೋ ಚಾಲಕನೂ ತನ್ನ ಮಗುವನ್ನು ಅಲ್ಲಿಂದ ತೆಗೆಯುತ್ತಾನೆ.

ಇರುವ ಜಾಗದಲ್ಲೇ ಮನೆ ಸಿಗುವುದಕ್ಕೂ ದೂರಕ್ಕೆ ಕಳುಹಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಅಹಮದಾಬಾದಿನಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಲಾಟರಿ ಎತ್ತಿ ನಗರದ ಹೊರವಲಯದಲ್ಲಿ, ಹಳೆಯ ವಸತಿಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಮನೆ ಕೊಟ್ಟಿದ್ದರು. 14 ವರ್ಷಗಳ ನಂತರ ಅರ್ಥಶಾಸ್ತ್ರಜ್ಞರು ಗೆದ್ದವರನ್ನೂ ಸೋತವರನ್ನೂ ಹೋಲಿಸಿ ನೋಡಿದಾಗ, ಗೆದ್ದವರಲ್ಲಿ ಮೂರನೇ ಒಂದರಷ್ಟು ಮಂದಿ ಅಲ್ಲಿಗೆ ಹೋಗಿಯೇ ಇರಲಿಲ್ಲ, ಇನ್ನೂ ಸುಮಾರು ಅಷ್ಟೇ ಮಂದಿ ಹೋಗಿ ಬಿಟ್ಟುಬಂದಿದ್ದರು. ಮಕ್ಕಳ ಸ್ಥಿತಿಗತಿಯಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ ಮುಂಬಯಿಯ ಮ್ಹಾಡಾ ಲಾಟರಿಯಲ್ಲಿ ಮನೆ ಗೆದ್ದ ಕುಟುಂಬಗಳ ಕುರಿತ ಅಧ್ಯಯನದಲ್ಲಿ, ಸೋತವರ ಕುಟುಂಬಗಳಿಗಿಂತ ಗೆದ್ದವರ ಕುಟುಂಬಗಳಲ್ಲಿ ಶಿಕ್ಷಣವೂ ಉದ್ಯೋಗವೂ ಉತ್ತಮವಾಗಿದ್ದವು. ಆದರೆ ಅವರು ಮನೆಯನ್ನು ಬಾಡಿಗೆಗೆ ಕೊಟ್ಟು ತಾವು ಬೇರೆ ಕಡೆ ಇರಬಹುದಾಗಿತ್ತು, ಅಂದರೆ ಅವರ ಕೈಗೆ ಬಂದದ್ದು ಆಸ್ತಿ. ಮನೆ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬುದಕ್ಕಿಂತ, ಅದು ಮಗುವನ್ನು ಇರುವ ಶಾಲೆಯಿಂದ ಕೀಳುತ್ತದೆಯೋ ಮತ್ತು ತಾಯಿತಂದೆಯ ಕೈಯಲ್ಲಿ ಏನನ್ನಾದರೂ ಉಳಿಸುತ್ತದೆಯೋ ಎಂಬುದು ಹೆಚ್ಚು ಮುಖ್ಯ ಎಂದು ನಾನು ಇವೆರಡನ್ನೂ ಒಟ್ಟಿಗೆ ಓದಿಕೊಂಡಿದ್ದೇನೆ.

ವಿಳಾಸವನ್ನೂ ಶಾಲೆಯನ್ನೂ ಸೇರಿಸುವ ಒಂದು ಕೊಂಡಿ ನಮ್ಮ ಕಾನೂನಿನಲ್ಲಿಯೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶದ ಹಂತದಲ್ಲಿ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಒಂದು ಕಿಲೋಮೀಟರಿನ ಒಳಗಿನವರಿಗೆ ಮೊದಲ ಆದ್ಯತೆ. ಸಾಂದ್ರತೆ ನಿಜಕ್ಕೂ ಫಲ ಕೊಡಬಹುದಾದ ಜಾಗ ಇದು, ಏಕೆಂದರೆ ಮುಂಬಯಿಯಲ್ಲಿ ದುಬಾರಿ ಶಾಲೆಯ ಒಂದು ಕಿಲೋಮೀಟರಿನೊಳಗೆ ಜೋಪಡಿಯೋ ಎಸ್‌ಆರ್‌ಎ ಕಟ್ಟಡವೋ ಇಲ್ಲದ ಜಾಗವೇ ಕಡಿಮೆ. ಹರಡಿಕೊಂಡ ನಗರದಲ್ಲಿ ಈ ಕಾನೂನು ಅರ್ಧ ಸತ್ತಂತೆ. ಆದರೆ 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರ ಏನು ಮಾಡಿತು ನೋಡಿ: ಒಂದು ಕಿಲೋಮೀಟರಿನೊಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಬೇಡ ಎಂದು ನಿಯಮ ತಿದ್ದಿತು. ಗಡಚಿರೋಲಿಯ ಹಳ್ಳಿಯಲ್ಲಿ ಈ ಮಾತಿಗೆ ಒಂದು ಅರ್ಥ, ಚೆಂಬೂರಿನಲ್ಲಿ ಇನ್ನೊಂದು. ಇಲ್ಲಿ ಒಂದು ಕಿಲೋಮೀಟರಿನೊಳಗೆ ಪಾಲಿಕೆಯದೋ ಅನುದಾನಿತವೋ ಆದ ಶಾಲೆ ಇದ್ದೇ ಇರುವುದರಿಂದ ಬಹುತೇಕ ಖಾಸಗಿ ಶಾಲೆಗಳು ಒಂದೇ ಏಟಿಗೆ ಹೊರಬೀಳುತ್ತಿದ್ದವು. ಬೆರೆಸಬೇಕಾಗಿದ್ದ ಸಾಂದ್ರತೆಯೇ ಬೇರ್ಪಡಿಸುವ ಉಪಕರಣವಾಗುತ್ತಿತ್ತು. ಬೊಂಬಾಯಿ ಹೈಕೋರ್ಟು ಅದೇ ವರ್ಷ ಜುಲೈ 19ರಂದು ಆ ತಿದ್ದುಪಡಿಯನ್ನು ರದ್ದುಪಡಿಸಿತು.

ಇಲ್ಲಿ ನಮ್ಮದೇ ಮನೆಯ ಮಾತೊಂದನ್ನು ಹೇಳದೆ ಇರಲಾರೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಶೇ. 25 ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ತೀರ್ಪು ಕೊಟ್ಟಿದೆ. ಆ ತೀರ್ಪು ಸರಿಯೇ ಎಂಬ ಪ್ರಶ್ನೆ 2025ರಲ್ಲಿ ಅದೇ ನ್ಯಾಯಾಲಯದಲ್ಲಿ ಮತ್ತೆ ಎದ್ದಿದೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಹೊಟೇಲು ಹುಡುಗರಿಗಾಗಿ ಚಂದಾ ಎತ್ತಿ ಶಾಲೆ ಕಟ್ಟಿದ ಸಮಾಜದ ಸಂಸ್ಥೆಗಳು ಇಂದು ಅದೇ ಅಲ್ಪಸಂಖ್ಯಾತ ಪ್ರಮಾಣಪತ್ರದ ಬಲದಿಂದ ಕಲಬುರಗಿ, ವಿಜಯಪುರಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕನ್ನಡಿಗನ ಮಗುವಿಗೆ ಸೀಟು ಕೊಡುವ ಹೊಣೆಯಿಂದ ಪಾರಾಗಲು ಕಾನೂನಿನಲ್ಲಿ ದಾರಿಯಿದೆ. ಹಾಗೆ ಮಾಡದೆ ತಮ್ಮ ನಿಧಿಯಿಂದಲೇ ಬಡ ಮಕ್ಕಳಿಗೆ ಓದಿಸುವ ಸಂಸ್ಥೆಗಳೂ ಇವೆ. ಆದರೆ ಒಂದು ಸಂಸ್ಥೆಯ ಔದಾರ್ಯವನ್ನು ಹಕ್ಕಿನಂತೆ ಯಾರೂ ಕೇಳಿ ಪಡೆಯಲಾರರು.

ಬೆರೆತರೆ ಏನಾಗುತ್ತದೆ, ‘ನಮ್ಮ ಮಕ್ಕಳ ಓದು’ ಹಾಳಾಗುವುದಿಲ್ಲವೇ ಎಂಬ ಅಳುಕನ್ನು ನೀವು ಬರೆದಿಲ್ಲ, ಆದರೆ ಸೊಸೈಟಿಯ ಸಭೆಗಳಲ್ಲಿ ನಾನು ಅದನ್ನು ಬಹಳ ಸಲ ಕೇಳಿದ್ದೇನೆ. ದಿಲ್ಲಿಯ ಕೆಲವು ಪ್ರತಿಷ್ಠಿತ ಶಾಲೆಗಳು, ಸರಕಾರದಿಂದ ಅಗ್ಗದಲ್ಲಿ ಜಮೀನು ಪಡೆದಿದ್ದ ಕಾರಣಕ್ಕೆ, 2007ರಿಂದಲೇ ಬಡ ಮಕ್ಕಳಿಗೆ ಪ್ರವೇಶ ಕೊಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಆ ಶಾಲೆಗಳ ಶ್ರೀಮಂತ ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಸಹಪಾಠಿಗಳಿದ್ದ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು, ಬಡವರನ್ನು ಕೀಳಾಗಿ ಕಾಣುವುದು ಅವರಲ್ಲಿ ಕಡಿಮೆಯಿತ್ತು. ಅಂಕಗಳ ಮೇಲೆ ಆದ ಪರಿಣಾಮ ಅತ್ಯಲ್ಪ, ಅದೂ ಮುಖ್ಯವಾಗಿ ಇಂಗ್ಲಿಷಿನಲ್ಲಿ. ಒಂದೇ ಗುಂಪಿನಲ್ಲಿ ಕುಳಿತು ಓದಿದಾಗ, ಆಡಿದಾಗ ಈ ಬದಲಾವಣೆ ಸ್ಪಷ್ಟವಾಗಿ ಕಂಡಿತು ಎಂಬುದು ಅದರ ಮುಖ್ಯ ಅಂಶ. ಸೀಟು ಕೊಟ್ಟು ಮಧ್ಯಾಹ್ನದ ಪ್ರತ್ಯೇಕ ಪಾಳಿಯಲ್ಲಿ ಕೂರಿಸುವ ಶಾಲೆಗಳು ಈ ಲಾಭವನ್ನು ನಿರೀಕ್ಷಿಸಬಾರದು.

ಪಾಲಿಕೆಯ ಶಾಲೆಗಳ ವಿಷಯದಲ್ಲಿ ನನಗೆ ಸ್ವಲ್ಪ ಆಸೆಯಿದೆ. ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಮುಂಬಯಿ ಪಾಲಿಕೆ 2020ರ ನಂತರ ‘ಮುಂಬಯಿ ಪಬ್ಲಿಕ್ ಸ್ಕೂಲ್’ ಎಂಬ ಹೆಸರಿನಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಬೋರ್ಡಿನ ಉಚಿತ ಶಾಲೆಗಳನ್ನೂ ತೆರೆದಿದೆ. ಅರ್ಜಿಗಳು ಸೀಟುಗಳಿಗಿಂತ ಹೆಚ್ಚು ಬಂದು ಲಾಟರಿ ಎತ್ತಬೇಕಾಯಿತು, ಅರ್ಜಿ ಹಾಕಿದವರಲ್ಲಿ ಸಂಬಳದಾರ ಮಧ್ಯಮ ವರ್ಗದವರೂ ಇದ್ದರು. ಎರಡು ದಶಕಗಳಿಂದ ಪಾಲಿಕೆ ಶಾಲೆಯ ಮೆಟ್ಟಿಲು ಹತ್ತದಿದ್ದ ವರ್ಗ ಮರಳಿ ಬಂದದ್ದು ಸಣ್ಣ ಸಂಗತಿಯಲ್ಲ. ಗಲ್ಲಿಯಲ್ಲೇ ಅಂಥ ಶಾಲೆಯಿದ್ದರೆ ಆ ಗಲ್ಲಿಯ ವಿಳಾಸಕ್ಕೆ ಬೆಲೆ ಬರುತ್ತದೆ. ಆಗಷ್ಟೇ ನಿಮ್ಮ ತಮ್ಮನ ವಾದ ಮುಂಬಯಿಗೂ ಒಪ್ಪುತ್ತದೆ. ಆ ಹೊತ್ತಿಗೆ ಅಲ್ಲಿ ಬಡವರೂ ಉಳಿದಿರಬೇಕು, ಅಷ್ಟೆ. ಸಿಂಗಾಪುರದಲ್ಲಿ ಸುಮಾರು ಶೇ. 80ರಷ್ಟು ನಿವಾಸಿಗಳು ಸರಕಾರಿ ವಸತಿಯಲ್ಲಿದ್ದು, 1989ರಿಂದ ಪ್ರತಿ ಕಟ್ಟಡದಲ್ಲೂ ಜನಾಂಗವಾರು ಮಿತಿ ಇದೆ. ಆದರೂ ಪ್ರಾಥಮಿಕ ಶಾಲೆಯ ಪ್ರವೇಶದಲ್ಲಿ ಒಂದು ಕಿಲೋಮೀಟರಿನವರಿಗೆ ಆದ್ಯತೆ ಇರುವುದರಿಂದ, ಹೆಸರಾದ ಶಾಲೆಗಳ ಸುತ್ತ ಮನೆ ಹಿಡಿಯಲು ಅಲ್ಲಿಯೂ ಪೈಪೋಟಿ ತಪ್ಪಿಲ್ಲ.

ಈಗ ನಿಮ್ಮ ಇಬ್ಬರು ಮಕ್ಕಳ ವಿಷಯ. ಎರಡು ದಾರಿಗಳಿವೆ. ಮೊದಲನೆಯದು, ನಿಮ್ಮ ಮಗಳನ್ನು ಪಾಲಿಕೆಯ ಅಂಥ ಶಾಲೆಗೆ ಸೇರಿಸಲು ನೀವೇ ಸಿದ್ಧರಾಗುವುದು. ಇಬ್ಬರ ಅರ್ಜಿಯನ್ನೂ ಒಟ್ಟಿಗೆ ಹಾಕಬಹುದು. ಎರಡನೆಯದು, ನೀವು ಆರಿಸುವ ಖಾಸಗಿ ಶಾಲೆಯಲ್ಲಿ ಆ ಹುಡುಗನಿಗಾಗಿ ಶೇ. 25ರ ಅಡಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿಸುವುದು. ಈ ಎರಡನೆಯದರಲ್ಲಿ ತೊಡಕು ಕಾಗದಪತ್ರದ್ದು. ಅವರು ಹಿಂದುಳಿದ ಜಾತಿಗೆ ಸೇರಿದವರಾದರೂ ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿಗಿಂತ ಕಡಿಮೆ ಎಂಬ ತಹಶೀಲ್ದಾರರ ಪ್ರಮಾಣಪತ್ರದ ಮೂಲಕ ಬರಬೇಕು. ತಿಂಗಳಿಗೆ 8,333 ರೂಪಾಯಿಯಲ್ಲಿ ಈ ಊರಿನಲ್ಲಿ ಒಂದು ಕುಟುಂಬ ಬಾಡಿಗೆ ಕೊಟ್ಟು ಬದುಕುತ್ತದೆ ಎಂದು ನಂಬುವ ಮಿತಿಯದು. ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳು ಇಲ್ಲಿಯೇ ಎಡವುತ್ತವೆ.

ಅದು ದಾಟಿದರೆ ವಿಳಾಸದ ಪುರಾವೆ. ಎಸ್‌ಆರ್‌ಎ ಮನೆಯನ್ನು ನಿಗದಿತ ವರ್ಷಗಳ ತನಕ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ, ಆದ್ದರಿಂದ ಖೋಲಿಯ ಮಾಲೀಕ ನೋಂದಾಯಿತ ಬಾಡಿಗೆ ಕರಾರಿಗೆ ಸಹಿ ಹಾಕಲಾರ. ಆ ದಾರಿ ಬಿಟ್ಟು, ಅವಳ ಮತದಾರರ ಗುರುತಿನ ಚೀಟಿಯನ್ನೋ ಪಡಿತರ ಚೀಟಿಯನ್ನೋ ಈಗಿನಿಂದಲೇ ಇಲ್ಲಿನ ವಿಳಾಸಕ್ಕೆ ಬದಲಾಯಿಸಿಕೊಳ್ಳಲು ನೆರವಾಗಿ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಪ್ರವೇಶದ ಅರ್ಜಿಗಳು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ತೆರೆಯುತ್ತವೆ. ನಿಮಗೂ ಒಂದು ಎಚ್ಚರಿಕೆ: ಟವರು ಏಳುವ ತನಕ ಬಿಲ್ಡರ್ ಕೊಡುವ ಬಾಡಿಗೆ ಹಣದಲ್ಲಿ ಘಾಟ್‌ಕೋಪರಿನಲ್ಲೋ ಗೋವಂಡಿಯಲ್ಲೋ ದೊಡ್ಡ ಮನೆ ಸಿಗುತ್ತದೆಂದು ಹೊರಡುವ ಮೊದಲು, ಮಗಳ ಶಾಲೆ ಎಲ್ಲಿ ಎಂಬುದನ್ನು ತೀರ್ಮಾನಿಸಿ, ಅದರ ಸಮೀಪವೇ ಮನೆ ಹಿಡಿಯಿರಿ. ಮೂರು ವರ್ಷ ಎಂದು ಹೇಳಿದ ಟವರು ಆರು ವರ್ಷ ತೆಗೆದುಕೊಂಡದ್ದನ್ನು ನಿಮ್ಮ ಸುತ್ತಮುತ್ತಲೇ ಕಂಡಿದ್ದೀರಿ. ಅಷ್ಟರೊಳಗೆ ಅವಳು ಪ್ರಾಥಮಿಕ ಶಾಲೆಯನ್ನೇ ಮುಗಿಸಿರುತ್ತಾಳೆ.